ಮುಟ್ಟಿದ ಸುದ್ದಿ

ಕುಂಬುಕ್‌ವೆವ, ಶ್ರೀಲಂಕಾ
21 ನವೆಂಬರ್ 2024

ಅಪ್ಪಾ,

ಮುಟ್ಟಿದೆ.

ಈ ಒಂದೇ ಮಾತು ಬರೆದು ಕವರು ಅಂಟಿಸಿಬಿಡಬೇಕೆಂದಿದ್ದೆ. ಆಗಲಿಲ್ಲ.

ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ನೀವು ಅದನ್ನು ಅಕ್ಕವ್ವತ್ತಿಯ ಕೈಗೆ ಕೊಟ್ಟು ಹಿತ್ತಿಲಿಗೆ ಹೋಗಿಬಿಡುತ್ತೀರಿ. ಎರಡೂವರೆ ವರ್ಷದಿಂದ ಹೀಗೇ ನಡೆದಿದೆ. ಪತ್ರಕ್ಕೆ ಹಾಗೆ ಮಾಡಲು ನಿಮಗೆ ಬರುವುದಿಲ್ಲ ಎಂದು ನನಗೆ ಗೊತ್ತು. ಮೂವತ್ತೊಂದು ವರ್ಷ ಧಾರವಾಡದ ಓಣಿಗಳಲ್ಲಿ ಟಪಾಲು ಹಂಚಿದವರು ನೀವು. "ಒಳಗ ಬೈಗುಳ ಇರಲಿ, ಸಾವಿನ ಸುದ್ದಿ ಇರಲಿ, ಬಂದ ಟಪಾಲು ಮುಟ್ಟಬೇಕು" ಎನ್ನುತ್ತಿದ್ದಿರಿ. ಈ ಟಪಾಲನ್ನೂ ಮುಟ್ಟಿಸಿಕೊಳ್ಳಿ.

ನಾನು ಏಕೆ ಬಂದೆನೆಂದು ಅಕ್ಕವ್ವತ್ತಿ ಹೇಳಿರಬೇಕು, ಅರ್ಧ ತಪ್ಪಾಗಿ. ಹುಬ್ಬಳ್ಳಿ ಗಬ್ಬೂರಿನ ನಮ್ಮ ಸಭೆಯ ಪಾಸ್ಟರ್ ಶಶಿಕಾಂತ ಅವರು ನನ್ನನ್ನು ಒಂದು ವರ್ಷಕ್ಕೆ ಇಲ್ಲಿಗೆ ಕಳಿಸಿದ್ದಾರೆ. ವೀಸಾದಲ್ಲಿ ಬಾಲವಾಡಿಯ ಸ್ವಯಂಸೇವಕಿ ಎಂದಿದೆ. ಅದು ಸುಳ್ಳಲ್ಲ, ಬೆಳಿಗ್ಗೆ ಮಕ್ಕಳ ಜೊತೆ ಇರುತ್ತೇನೆ. ಆದರೆ ನಾನು ಬಂದದ್ದು ಸುವಾರ್ತೆಗಾಗಿ. ನಂಬಿದ್ದನ್ನು ಜೇಬಿನಲ್ಲಿ ಮುಚ್ಚಿಟ್ಟುಕೊಂಡು ತಿರುಗಲು ನನಗೆ ಬಾರದು. ಹತ್ತನೇ ವಯಸ್ಸಿಗೆ ನಿಮ್ಮ ಟ್ರಂಕಿನಲ್ಲಿದ್ದ ಕಿರುಪುಸ್ತಕಗಳನ್ನೆಲ್ಲ ಓದಿ, ದೇವರಿಲ್ಲ ಎಂದು ಸಾಲಿಯಲ್ಲಿ ಮೇಷ್ಟರ ಎದುರು ನಿಂತು ಹೇಳಿ ಪೆಟ್ಟು ತಿಂದವಳು ನಾನು. ಆಗ ನೀವು ಪೇಢೆ ತಂದುಕೊಟ್ಟಿರಿ. ಈಗ ಬೇರೆ ಕಿರುಪುಸ್ತಕ ಓದಿದ್ದೇನೆ. ಹುಡುಗಿ ಅದೇ.

ಕೊಲಂಬೊದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ನನ್ನ ಹೆಸರು ಓದಿ ತಲೆ ಎತ್ತಿದ. ಪಕ್ಕದ ಕಿಟಕಿಯವನನ್ನು ಕರೆದು ತೋರಿಸಿದ. "ಸಂಘಮಿತ್ತಾ! ಸಸಿ ಎಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ನಮ್ಮ ಪಡಸಾಲೆಯ ಹಳೆಯ ಕ್ಯಾಲೆಂಡರಿನ ಚಿತ್ರ ಕಣ್ಣ ಮುಂದೆ ಬಂತು. ಹಡಗಿನ ಮೂತಿಯಲ್ಲಿ ಬೋಧಿವೃಕ್ಷದ ಸಸಿ ಹಿಡಿದು ನಿಂತ ಅಶೋಕನ ಮಗಳು. ಅವಳು ಇದೇ ದ್ವೀಪಕ್ಕೆ ಬುದ್ಧನನ್ನು ತಂದಳು. ನಾನು ಅವಳ ಹೆಸರು ಹೊತ್ತುಕೊಂಡು ಯೇಸುವನ್ನು ತಂದಿದ್ದೇನೆ. ಅಧಿಕಾರಿ ಸ್ಟ್ಯಾಂಪು ಒತ್ತಿ, "ಮತ್ತೆ ಬಂದಿರಿ" ಎಂದ. ತಮಾಷೆಗೆ ಅಂದದ್ದು. ಆದರೂ ನನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸಿ ಹೊರಳಿ ನೋಡಿದೆ.

ಹೊರಗೆ ಬಂದರೆ ಕಟಾಂಜನದ ಆಚೆ ನೂರಾರು ಜನ. ತಮ್ಮವರನ್ನು ಕಂಡವರೆಲ್ಲ "ಆವಾ! ಆವಾ!" ಎಂದು ಕೂಗುತ್ತಿದ್ದರು. ನನಗೆ ಎಲ್ಲ ಕಡೆಯಿಂದಲೂ ಅವ್ವಾ, ಅವ್ವಾ ಎಂದು ಕರೆದಂತೆ ಕೇಳಿಸಿತು. ಬ್ಯಾಗು ಕೆಳಗಿಟ್ಟು ಹಾಗೇ ನಿಂತೆ. ಆಮೇಲೆ ಬಾಲವಾಡಿಯ ಟೀಚರ್ ಕುಸುಮಾ ಹೇಳಿದಳು, ಸಿಂಹಳದಲ್ಲಿ ಆವಾ ಎಂದರೆ ಬಂದಳು, ಬಂದರು. ಮುಟ್ಟಿದರು.

ಇನ್ನೊಂದು ಬರೆಯಬೇಕು. ಹೊಸ ಸಿಮ್ ಹಾಕಿದ ಕೂಡಲೇ ಬೆರಳು ತಾನಾಗಿ ಅವ್ವನ ನಂಬರು ಒತ್ತಿತು. ಹುಬ್ಬಳ್ಳಿಗೆ ಹೋದರೂ "ಮುಟ್ಟಿದ ಸುದ್ದಿ ಕೊಡು" ಎನ್ನುತ್ತಿದ್ದಳಲ್ಲ, ಆ ರೂಢಿ. ಕೋವಿಡ್ಡಿನಲ್ಲಿ ಅವಳನ್ನು ಸತ್ತೂರಿನ ದವಾಖಾನೆಗೆ ಒಯ್ದ ಮೇಲೆ ಆ ಮೂರು ದಿನ ಎಷ್ಟು ಸಲ ಹಚ್ಚಿದ್ದೆ. ಸ್ವಿಚ್ ಆಫ್, ಸ್ವಿಚ್ ಆಫ್. ಅವಳು ಹೋದ ಮೇಲೆ ಒಮ್ಮೆಯೂ ಹಚ್ಚಿರಲಿಲ್ಲ. ಅಪ್ಪಾ, ಈಗ ಅದು ರಿಂಗ್ ಆಯಿತು. ಆರು ಸಲ. ಏಳನೆಯದಕ್ಕೆ ನಾನೇ ಕಟ್ ಮಾಡಿದೆ. ನಂಬರು ಬೇರೆ ಯಾರಿಗೋ ಹೋಗಿರಬೇಕು. ಅವರು ಎತ್ತಿದ್ದರೆ ಏನು ಹೇಳಬೇಕಿತ್ತು?

ಇದು ಕ್ಷಮೆ ಕೇಳುವ ಪತ್ರವಲ್ಲ. ಅವ್ವನ ವರ್ಷದ ಪುಣ್ಯಾನುಮೋದನೆಯಲ್ಲಿ, ಬುದ್ಧನ ಮೂರ್ತಿಯ ಎದುರು, ನಿಮ್ಮ ನಲ್ವತ್ತು ಜನ ಗೆಳೆಯರು ಬಂಧುಗಳ ನಡುವೆ ಎದ್ದು ನಿಂತು ನಾನು ಹೇಳಿದೆ: "ಅವ್ವ ಎಲ್ಲಿ ಮುಟ್ಟ್ಯಾಳ ನನಗ ಗೊತ್ತದ. ಯೇಸುವಿನ ಹೆಸರ ಹಿಡೀಲಾರದ ಹೋದವರು ಬೆಂಕ್ಯಾಗ ಮುಟ್ತಾರ. ನೀವು ಹಿಡೀಲಿಲ್ಲ, ಆಕಿಗೂ ಹಿಡ್ಯಾಕ ಬಿಡಲಿಲ್ಲ." ನೀವು ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿರಿ. ನಾನು ಮನೆ ಬಿಟ್ಟೆ. ಸತ್ಯ ಕಹಿಯಾಗಿದ್ದರೆ ಅದಕ್ಕೆ ಬೆಲ್ಲ ಸವರುವುದು ನನ್ನ ಕೆಲಸವಲ್ಲ.

ವೆವ ಎಂದರೆ ಕೆರೆ. ನಮ್ಮ ಕೆಲಗೇರಿ ಕೆರೆಯಷ್ಟೇ ಇದೆ. ಸಂಜೆ ದಂಡೆಯ ಮೇಲೆ ನಿಂತರೆ ಆಚೆ ದಂಡೆಯಲ್ಲಿ ನಮ್ಮ ಮನೆ ಇದೆ ಅನ್ನಿಸುತ್ತದೆ.

ಕ್ರಿಸ್ತನ ಸೇವೆಯಲ್ಲಿ,
ಸಂಘಮಿತ್ರಾ

*

ಕೆಲಗೇರಿ, ಧಾರವಾಡ
10 ಡಿಸೆಂಬರ್ 2024

ಸಂಘಮಿತ್ರಾ,

ನವೆಂಬರ್ 21ರ ಪತ್ರ ಡಿಸೆಂಬರ್ 7ರಂದು ಮುಟ್ಟಿತು. ಪಿನ್‌ಕೋಡಿನ ಕೊನೆಯ ಅಂಕಿ ತಪ್ಪಿದೆ. ಈಗಿನ ಪೋಸ್ಟ್‌ಮನ್ ರೋಹಿತ ನನ್ನ ಕೈಕೆಳಗೆ ಕಲಿತವನಾದ್ದರಿಂದ ಹುಡುಕಿಕೊಂಡು ತಂದ. ಸರಿಯಾದ ಅಂಕಿ ಕವರಿನ ಹಿಂದೆ ಇದೆ.

ಅಕ್ಕವ್ವ ಪಕ್ಕದಲ್ಲಿ ಕೂತು ಬರೆಸುತ್ತಿದ್ದಾಳೆ. ಬರೆಯದೆ ಬಿಡುವುದಿಲ್ಲ. "ಅಲ್ಲೆ ರೊಟ್ಟಿ ಸಿಗತಾವೇನ ಕೇಳು. ಬರೇ ಅನ್ನ ತಿಂದ್ರ ಹುಡುಗಿ ಸೊರಗತದ. ಆ ಯೇಸು ಅಷ್ಟ ದೊಡ್ಡಾಂವ ಇದ್ರ ನಮ್ಮ ಹುಡುಗಿಗೆ ಎರಡ ಕಿಲೋ ಜ್ವಾಳದ ಹಿಟ್ಟ ಕಳಿಸಂತ ಹೇಳು. ಮತ್ತ ಅಲ್ಲೆ ಯಾರಿಗೂ ಬೈಬ್ಯಾಡ ಅಂತ ಬರಿ. ಬರದ್ಯಾ? ಓದಿ ತೋರಸು."

ಬರೆದಿದ್ದೇನೆ.

ಪತ್ರಕ್ಕೆ ಉತ್ತರ ಕೊಡುವುದು ರೀತಿ. ಕೊಟ್ಟಿದ್ದೇನೆ. ಆ ನಂಬರಿಗೆ ಮತ್ತೆ ಹಚ್ಚಬೇಡ.

ಮಹಾದೇವಪ್ಪ

*

ಕುಂಬುಕ್‌ವೆವ
28 ಡಿಸೆಂಬರ್ 2024

ಅಪ್ಪಾ,

ನಿಮ್ಮ ಪತ್ರ ಮೊನ್ನೆ ಮುಟ್ಟಿತು. ಅದರಲ್ಲಿ ನಿಮ್ಮದಕ್ಕಿಂತ ಅಕ್ಕವ್ವತ್ತಿಯ ಮಾತೇ ಹೆಚ್ಚು. ಅವಳಿಗೆ ಹೇಳಿ, ಇಲ್ಲೂ ರೊಟ್ಟಿ ಇದೆ, ಹಿಟ್ಟಿಗೆ ತೆಂಗಿನತುರಿ ಕಲಸುತ್ತಾರೆ, ಹೆಸರೂ ರೊಟ್ಟಿಯೇ. ಬೈಯುವುದನ್ನು ಕಡಿಮೆ ಮಾಡಿದ್ದೇನೆ, ಭಾಷೆ ಬಾರದ್ದರಿಂದ. ನಂಬರಿಗೆ ಹಚ್ಚಬೇಡ ಎಂದಿರಿ, ಏಕೆಂದು ಬರೆಯಲಿಲ್ಲ. ಹಚ್ಚುವುದಿಲ್ಲ.

ಇಲ್ಲಿ ಒಂದು ಅನಾಹುತವಾಗಿದೆ. ತಪ್ಪು ನಮ್ಮ ಕಡೆಯದು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೊರಡುವ ಮೊದಲು ಹುಬ್ಬಳ್ಳಿಯಲ್ಲಿ ಪಾಸ್ಟರ್ ಶಶಿಕಾಂತ ಐನೂರು ಕರಪತ್ರ ಅಚ್ಚು ಹಾಕಿಸಿ ಕೊಟ್ಟಿದ್ದರು. ಸಿಂಹಳಕ್ಕೆ ಫೋನಿನಲ್ಲೇ ಅನುವಾದ ಮಾಡಿದ್ದು. ದಿನವನ್ನೂ ಅವರೇ ಆರಿಸಿದ್ದರು. ಡಿಸೆಂಬರ್ 14, ಶನಿವಾರ, ಅಲ್ಲಿ ಸೂಟಿ ಇದೆ, ಜನ ಬಿಡುವಾಗಿರುತ್ತಾರೆ ಎಂದು. ಕರಪತ್ರದಲ್ಲಿ ಇದ್ದದ್ದು ಇಷ್ಟು: "ಭಾರತದಿಂದ ಸಂಘಮಿತ್ತಾ ಬಂದಿದ್ದಾರೆ. ಬೆಳಕಿನ ಬಗ್ಗೆ ಮಾತಾಡುತ್ತಾರೆ. ಎಲ್ಲರೂ ಬನ್ನಿ." ಇಲ್ಲಿನ ಮಿಷನ್ ಮನೆಯ ಪಾಸ್ಟರ್ ನಿಮಲ್ ಆ ವಾರ ಕೊಲಂಬೊದಲ್ಲಿದ್ದರು. ಅವರನ್ನು ಕೇಳುವ ತಾಳ್ಮೆ ನನಗಿರಲಿಲ್ಲ. ಬಾಲವಾಡಿಯ ಮಕ್ಕಳ ಕೈಯಲ್ಲಿ ಮನೆಮನೆಗೆ ಕಳಿಸಿಬಿಟ್ಟೆ.

ಆ ಸೂಟಿ ಏತಕ್ಕೆಂದು ಹುಬ್ಬಳ್ಳಿಯಲ್ಲಿ ಯಾರೂ ನೋಡಿರಲಿಲ್ಲ. ಅದು ಹುಣ್ಣಿಮೆ. ಸಂಘಮಿತ್ತಾ ಥೇರಿ ಬೋಧಿಯ ಸಸಿಯೊಡನೆ ಈ ದಂಡೆ ಮುಟ್ಟಿದ ದಿನವೆಂದು ದ್ವೀಪವೆಲ್ಲ ಆಚರಿಸುವ ಹುಣ್ಣಿಮೆ.

ಬೆಳಿಗ್ಗೆ ಒಂಬತ್ತಕ್ಕೆ ಮಿಷನ್ ಮನೆಗೆ ಜನ ಬಂದರು. ಎಲ್ಲರೂ ಬಿಳಿ ಬಟ್ಟೆಯಲ್ಲಿ, ಕೈಯಲ್ಲಿ ತಾವರೆ ಹೂ. ಎಪ್ಪತ್ತು ಎಂಬತ್ತು ಮಂದಿ ಸದ್ದಿಲ್ಲದೆ ನೆಲದ ಮೇಲೆ ಕುಳಿತರು. ಭಾರತದಿಂದ ಅದೇ ಹೆಸರಿನ ಭಿಕ್ಷುಣಿ ಬಂದಿದ್ದಾಳೆ ಎಂದುಕೊಂಡಿದ್ದರು. ನಾನೂ ಆ ದಿನ ಬಿಳಿ ಚೂಡಿದಾರ ಹಾಕಿದ್ದೆ, ಸಭೆಯ ರೂಢಿಯಂತೆ. ಮುಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದು, "ಆವಾ, ಆವಾ" ಎನ್ನುತ್ತ ಬಂದು, ನಾನು ಹಿಂದೆ ಸರಿಯುವ ಮೊದಲೇ ಬಗ್ಗಿ ನನ್ನ ಪಾದ ಮುಟ್ಟಿದಳು.

ಅಪ್ಪಾ, ನಮ್ಮ ಮನೆಯವರ ಪಾದವನ್ನು ಹೊರಗಿನವರು ಯಾರಾದರೂ ಮುಟ್ಟಿದ್ದಿದೆಯೇ? ನನಗೆ ಗೊತ್ತಿರುವಂತೆ ಇಲ್ಲ. ಆದರೆ ಅವಳು ನನ್ನನ್ನು ಮುಟ್ಟಲಿಲ್ಲ, ನನ್ನೊಳಗೆ ನಿಂತಿರುವ ಬೇರೆ ಯಾರನ್ನೋ ಮುಟ್ಟಿದಳು.

ಅವಳ ಹೆಸರು ಸೋಮಾವತಿ. ತಲೆ ಎತ್ತಿ ನನ್ನನ್ನೇ ನೋಡುತ್ತ ಒಂದು ಪ್ರಶ್ನೆ ಕೇಳಿದಳು: "ಪುತಾ ಆವದ?" ಕುಸುಮಾ ಕಿವಿಯಲ್ಲಿ ಹೇಳಿದಳು. ಮಗ ಬಂದನೇ, ಮುಟ್ಟಿದನೇ ಎಂದು ಕೇಳುತ್ತಿದ್ದಾಳೆ. ಮಗ ಸೈನ್ಯದಲ್ಲಿದ್ದ. ಹದಿನಾರು ವರ್ಷದ ಹಿಂದೆ ಯುದ್ಧದಲ್ಲಿ ಕಾಣೆಯಾದ. ದೇಹವೂ ಬರಲಿಲ್ಲ, ಕಾಗದ ಬಂತು. ಬದುಕಿಲ್ಲ ಎಂದು ಅವಳಿಗೂ ಗೊತ್ತು. ಅವಳು ಕೇಳುವುದು ಆಚೆ ಕಡೆ ಮುಟ್ಟಿದನೇ ಎಂದು.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು. ಸತ್ತೂರಿನ ದವಾಖಾನೆಯ ಗೇಟಿನ ಹೊರಗೆ ಅವ್ವನ ದೇಹಕ್ಕೆ ಕಾಯುತ್ತ ಕುಳಿತಿದ್ದಾಗ, ಒಬ್ಬಾಕೆ ಊಟದ ಪೊಟ್ಟಣದ ಜೊತೆ ಕೊಟ್ಟ ಎಂಟು ಪುಟದ ಪುಸ್ತಿಕೆ. "ಅವರು ಈಗ ಎಲ್ಲಿದ್ದಾರೆ?" ಎಂದು ಅದರ ಹೆಸರು. ನಾನು ಬದಲಾದದ್ದು ಆ ಎಂಟು ಪುಟದಿಂದ. ಏಕೆಂದರೆ ನಾನು ನಿಮ್ಮನ್ನು ಅದೇ ಪ್ರಶ್ನೆ ಕೇಳಿದ್ದೆ, ನೀವು "ಎಲ್ಲೂ ಇಲ್ಲ" ಎಂದಿದ್ದಿರಿ. ಪುಸ್ತಿಕೆ ಎಲ್ಲಿ ಎಂದು ಹೇಳಿತು. ಎಲ್ಲೂ ಇಲ್ಲ ಎನ್ನುವುದಕ್ಕಿಂತ ಬೆಂಕಿಯಲ್ಲಿ ಎನ್ನುವುದೂ ನನಗೆ ಒಂದು ವಿಳಾಸವಾಗಿತ್ತು.

ಸೋಮಾವತಿಗೆ ಅಂದೇ ಹೇಳಿಬಿಡುತ್ತಿದ್ದೆ. ಅಷ್ಟರಲ್ಲಿ ಕೊಲಂಬೊದಿಂದ ಬಂದಿಳಿದ ಪಾಸ್ಟರ್ ನಿಮಲ್ ಬಾಗಿಲಲ್ಲೇ ತಲೆ ಹಿಡಿದುಕೊಂಡರು. ಎಲ್ಲರಿಗೂ ಚಹಾ ಕೊಟ್ಟು, ಕೈಮುಗಿದು ಕಳಿಸಿದರು. ಆಮೇಲೆ ನನಗೆ, "ಈ ಹೆಸರಿಟ್ಟುಕೊಂಡು ನೀನು ಇಲ್ಲಿ ಏನು ಸಾರಿದರೂ ಅದು ಮೋಸ" ಎಂದರು. ಅವರ ಮಾತು ಸರಿ. ರೂತ್ ಎಂಬ ಹೆಸರು ಸೂಚಿಸಿದ್ದಾರೆ. ಬೈಬಲ್ಲಿನಲ್ಲಿ ತನ್ನ ಊರು ಬಿಟ್ಟು ಪರನಾಡಿಗೆ ಬಂದವಳು. ಒಪ್ಪಿದ್ದೇನೆ. ಸೋಮಾವತಿಯ ಮನೆಗೆ ಹೊಸ ಹೆಸರಿನಲ್ಲೇ ಹೋಗಿ ಉತ್ತರ ಕೊಡುತ್ತೇನೆ.

ರೂತ್

*

ಕೆಲಗೇರಿ, ಧಾರವಾಡ
18 ಜನವರಿ 2025

ಸಂಘಮಿತ್ರಾ,

ಡಿಸೆಂಬರ್ 28ರ ಪತ್ರ ಮುಟ್ಟಿತು. ಅದರ ಕೆಳಗಿದ್ದ ಹೆಸರಿನವರು ಯಾರೂ ನನಗೆ ಪರಿಚಯವಿಲ್ಲ. ಆದ್ದರಿಂದ ಬರೆದವಳಿಗೆ ಉತ್ತರಿಸುತ್ತಿದ್ದೇನೆ.

ನಿನಗೆ ಇಪ್ಪತ್ಮೂರು ವರ್ಷ. ಹೆಸರು ಬದಲಿಸಲು ನನ್ನ ಅಪ್ಪಣೆ ಬೇಕಿಲ್ಲ. ಒಂದು ವಿಷಯ ಮಾತ್ರ ತಿಳಿಸುವುದಿದೆ. ಆ ಹೆಸರನ್ನು ನಾನಿಟ್ಟೆ ಎಂದು ನೀನು ತಿಳಿದಿದ್ದೀ. ಅಲ್ಲ.

ನೀನು ಹುಟ್ಟಿದಾಗ ನಾನು ಬೇರೆ ಹೆಸರು ಬರೆದಿಟ್ಟಿದ್ದೆ. ನಿನ್ನ ತಾಯಿ ಜಯಮಾಲಾ ಬಾಣಂತಿ. ಮಲಗಿದಲ್ಲಿಂದ ಆ ಕ್ಯಾಲೆಂಡರು ಕಾಣುತ್ತಿತ್ತು. ಹಡಗಿನಲ್ಲಿ ನಿಂತಾಕೆ ಯಾರೆಂದು ಕೇಳಿದಳು. ಹೇಳಿದೆ. ಆಕೆ ಬಹಳ ಹೊತ್ತು ನೋಡಿ, "ಹೆಣ್ಣು ಮನಿ ಬಿಟ್ಟ ಹೋದ್ರ ಓಡಿ ಹೋದ್ಲು ಅಂತಾರ. ಈಕಿ ಸಮುದ್ರ ದಾಟಿ ಹೋಗ್ಯಾಳ, ಮಂದಿ ಕೈ ಮುಗೀತಾರ. ಇದ ಹೆಸರ ಇಡ್ರಿ" ಎಂದಳು. ನಾನು ಒಪ್ಪಿದ ಮೇಲೆ ಇನ್ನೊಂದು ಕೇಳಿದಳು: "ಅಲ್ರೀ, ಆಕಿ ಮುಟ್ಟಿದ ಸುದ್ದಿ ಅವರಪ್ಪಗ ಬಂತೋ ಇಲ್ಲೋ?"

ನನಗೆ ಗೊತ್ತಿರಲಿಲ್ಲ. ನನ್ನ ಹತ್ತಿರ ಇದ್ದ ಪುಸ್ತಕಗಳಲ್ಲಿ ಹುಡುಕಿದೆ. ಹೋದದ್ದನ್ನು ಬರೆದಿದ್ದಾರೆ, ಮುಟ್ಟಿದ್ದನ್ನು ಬರೆದಿದ್ದಾರೆ. ತಂದೆಗೆ ಸುದ್ದಿ ಮುಟ್ಟಿತೇ ಎಂದು ಯಾರೂ ಬರೆದಿಲ್ಲ.

ಪಾದ ಮುಟ್ಟಿದ ಬಗ್ಗೆ ಕೇಳಿದ್ದೀ. ಇಲ್ಲ, ಯಾರೂ ಮುಟ್ಟಿಲ್ಲ. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಕೆಲವು ಮನೆಗಳಲ್ಲಿ "ಕಟ್ಟಿ ಮ್ಯಾಲ ಇಟ್ಟ ಹೋಗು" ಎನ್ನುತ್ತಿದ್ದರು. ನಾನು ಇಡುತ್ತಿರಲಿಲ್ಲ. ಕೈ ಚಾಚುವವರೆಗೆ ನಿಲ್ಲುತ್ತಿದ್ದೆ. ಮುಟ್ಟಿಸಿಕೊಳ್ಳದವರ ಮನೆಗೂ ಟಪಾಲು ಮುಟ್ಟಿಸಿದ್ದೇನೆ.

ಆ ಸೋಮಾವತಿಯವರಿಗೆ ನೀನು ಏನು ಉತ್ತರ ಕೊಡುತ್ತೀ ಎಂದು ನನಗೆ ಗೊತ್ತು. ಒಮ್ಮೆ ನನಗೆ ಕೊಟ್ಟಿದ್ದೀ. ಕೊಡುವಾಗ ಅವರ ಮುಖ ನೋಡು. ನನ್ನ ಮುಖವನ್ನು ನೀನು ನೋಡಿರಲಿಲ್ಲ.

ಮಹಾದೇವಪ್ಪ

*

ಕುಂಬುಕ್‌ವೆವ
2 ಮಾರ್ಚ್ 2025

ಅಪ್ಪಾ,

ನಿಮ್ಮ ಪತ್ರ ಬಂದು ತಿಂಗಳಾಯಿತು. ಐದು ಸಲ ಉತ್ತರ ಬರೆದು ಹರಿದೆ. ಮೊದಲಿನ ನಾಲ್ಕರಲ್ಲಿ ನಿಮ್ಮ ಜೊತೆ ಜಗಳವಾಡಿದ್ದೆ. ಐದನೆಯದು ಮೂರು ಸಾಲಿಗೇ ನಿಂತಿತು.

ಫೆಬ್ರವರಿ 22ಕ್ಕೆ ಸೋಮಾವತಿಯ ಮನೆಗೆ ಹೋಗಿದ್ದೆ. ಮಗ ಕಾಣೆಯಾದ ಕಾಗದ ಬಂದ ದಿನ ಅದು. ಅವಳಿಗೆ ತಿಥಿ ಎಂದರೆ ಅದೇ. ಆ ದಿನ ಭಿಕ್ಷುವನ್ನು ಕರೆದು ಊಟ ಹಾಕಿ, ಮಗನ ಹೆಸರಿನಲ್ಲಿ ಪುಣ್ಯ ಬಿಡುತ್ತಾಳೆ. ಇದು ಪುಣ್ಯಾನುಮೋದನೆಯೇ, ನಾವು ಮಾಡುವುದೇ. ಇಲ್ಲಿ ಬಟ್ಟಲಿಗೆ ಹೂಜಿಯಿಂದ ನೀರು ಹೊಯ್ಯುತ್ತಾರೆ, ಅದು ತುಂಬಿ ಹೊರಚೆಲ್ಲುವವರೆಗೆ. ಹಾಗೆ ತುಂಬಿ ಹರಿದದ್ದು ಹೋದವರಿಗೆ ಮುಟ್ಟುತ್ತದೆ ಎಂದು ನಂಬಿಕೆ.

ನಾನು ಬೇಕೆಂದೇ ಆ ದಿನ ಆರಿಸಿಕೊಂಡೆ. ಸುಳ್ಳು ಸಮಾಧಾನದ ನಡುವೆಯೇ ನಿಂತು ಸತ್ಯ ಹೇಳಬೇಕು ಎಂದುಕೊಂಡು. ಬ್ಯಾಗಿನಲ್ಲಿ ಆ ಎಂಟು ಪುಟದ ಪುಸ್ತಿಕೆ ಇತ್ತು. ಭಾಷಾಂತರಕ್ಕೆ ಕುಸುಮಾ ಜೊತೆಗಿದ್ದಳು. ಅವಳು ಹೇಳಿದ್ದನ್ನು ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಯಾಕೋ ಸೋಮಾವತಿಯ ಮಾತು ನನಗೆ ಹಾಗೇ ಕೇಳಿಸುತ್ತದೆ.

ಭಿಕ್ಷು ಇನ್ನೂ ಬಂದಿರಲಿಲ್ಲ. ಸೋಮಾವತಿ ಬಾಗಿಲಲ್ಲಿ ನನ್ನನ್ನು ಕಂಡು ಅದೇ ಕೇಳಿದಳು: "ಪುತಾ ಆವದ?"

ನಾನು ಬಾಯಿ ತೆರೆದೆ. ನೀವು ಹೇಳಿದ್ದಿರಲ್ಲ, ಮುಖ ನೋಡಿದೆ. ಬೊಚ್ಚು ಬಾಯಿ, ಒಂದು ಕಣ್ಣಲ್ಲಿ ಪೊರೆ. ಹೆದರಿಕೆ ಇರಲಿಲ್ಲ ಆ ಮುಖದಲ್ಲಿ. ಕಾಯುವುದು ಮಾತ್ರ ಇತ್ತು. ಅಪ್ಪಾ, ಆ ಮುಖ ನನಗೆ ಗೊತ್ತು. ಅವ್ವನನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ಮೂರು ದಿನ ನಮ್ಮ ಮನೆಯ ಕನ್ನಡಿಯಲ್ಲಿ ಇದ್ದದ್ದು ಅದೇ ಮುಖ. "ಮುಟ್ಟಿದ ಕೂಡ್ಲೇ ಫೋನ್ ಮಾಡ್ತೇನಿ, ನೀವು ಉಂಡ ಬಿಡ್ರಿ" ಎಂದು ಕಿಟಕಿಯಿಂದ ಹೇಳಿ ಹೋದವಳು. ಫೋನು ಬರಲಿಲ್ಲ. ಸುತ್ತಿ ಕೊಟ್ಟ ದೇಹದ ಮುಖವನ್ನೂ ನೋಡಲಿಲ್ಲ. ಆಗ ಯಾರಾದರೂ ಬಾಗಿಲಿಗೆ ಬಂದು, "ನಿಮ್ಮವ್ವ ಬೆಂಕಿ ಮುಟ್ಟ್ಯಾಳ" ಎಂದಿದ್ದರೆ?

ಹಾಗೆ ಬಂದವಳು ನಾನೇ. ನಿಮ್ಮ ಬಾಗಿಲಿಗೆ.

"ದನ್ನೆ ನ್ಯಾ" ಎಂದೆ. ನನಗೆ ಬರುವ ಹತ್ತು ಹನ್ನೆರಡು ಸಿಂಹಳ ಮಾತುಗಳಲ್ಲಿ ಅದೊಂದು. ನನಗೆ ಗೊತ್ತಿಲ್ಲ.

ಕುಸುಮಾ ನನ್ನನ್ನು ನೋಡಿದಳು. ಸೋಮಾವತಿ ಬೊಚ್ಚು ಬಾಯಿ ಅಗಲಿಸಿ ನಕ್ಕಳು. "ನೋಡ ಮತ್ತ," ಎಂದಳು. "ಸೈನ್ಯದ ಸಾಹೇಬ ಬಂದಾ, ಅವಗ ಗೊತ್ತಿತ್ತು. ಜ್ಯೋತಿಷಿಗೆ ಗೊತ್ತಿತ್ತು. ಗುಡಿಯವರಿಗೆ ಗೊತ್ತದ, ನಿಮ್ಮ ಮಿಷನ್ ಮಂದಿಗೂ ಗೊತ್ತದ. ನನ್ನ ಮಗ ಎಲ್ಲದಾನ ಅಂತ ಊರಿಗೆಲ್ಲ ಗೊತ್ತು, ಹೆತ್ತಾಕಿ ನನಗೊಬ್ಬಾಕಿಗೆ ಗೊತ್ತಿಲ್ಲ. ಹದಿನಾರ ವರ್ಷದಾಗ ಗೊತ್ತಿಲ್ಲ ಅಂದಾಕಿ ನೀ ಒಬ್ಬಾಕಿ. ಬಾ, ನನ್ನ ಬಾಜೂ ಕುಂದರು."

ಕುಳಿತೆ. ಭಿಕ್ಷು ಬಂದು ಪಠಿಸುವಾಗ ಹೂಜಿ ಎತ್ತಿ ಹಿಡಿಯಲು ಅವಳಿಗೆ ಆಗುತ್ತಿರಲಿಲ್ಲ. ನನ್ನ ಕಡೆ ನೋಡಿದಳು. ನಾನು ಹೂಜಿ ಮುಟ್ಟಲಿಲ್ಲ, ಮಂತ್ರವನ್ನೂ ಹೇಳಲಿಲ್ಲ. ಅವಳ ಮುಂಗೈ ಹಿಡಿದುಕೊಂಡೆ, ಅಷ್ಟೇ. ನೀರು ಬಟ್ಟಲು ತುಂಬಿ ತಟ್ಟೆಗೆ ಹರಿಯಿತು. ತುಂಬಾ ಹೊತ್ತು ಹರಿಯಿತು. ಹೂಜಿಯಲ್ಲಿ ಅಷ್ಟು ನೀರು ಹಿಡಿಸುವಂತಿರಲಿಲ್ಲ. ಆ ಹೊತ್ತಿಗೆ ನನಗೆ ಹಾಗೆ ಕಂಡಿತು.

ತಪ್ಪು ತಿಳಿಯಬೇಡಿ. ನಾನು ಯೇಸುವನ್ನು ಬಿಟ್ಟಿಲ್ಲ. ಈ ಪತ್ರವನ್ನೂ ಪ್ರಾರ್ಥನೆ ಮಾಡಿಯೇ ಬರೆಯಲು ಕುಳಿತದ್ದು. ಪಾಸ್ಟರ್ ನಿಮಲ್‌ಗೆ ನಡೆದದ್ದನ್ನು ನಾನೇ ಹೇಳಿದೆ. ಗೊತ್ತಿಲ್ಲ ಎನ್ನುವವಳನ್ನು ಸುವಾರ್ತೆಗೆ ಕಳಿಸಲಾರೆ, ವರ್ಷ ಮುಗಿಯುವವರೆಗೆ ಮಕ್ಕಳಿಗೆ ಕಲಿಸು ಎಂದಿದ್ದಾರೆ. ರೂತ್ ಬೇಡವೆಂದೂ ಹೇಳಿದೆ. ಅವಳು ಒಳ್ಳೆಯವಳೇ. ಆದರೆ ಅವ್ವ ಮಲಗಿದಲ್ಲಿಂದ ನೋಡಿ ಆರಿಸಿದ ಹೆಸರು ಅದಲ್ಲ.

ಅಪ್ಪಾ, ಅವ್ವ ಎಲ್ಲಿ ಮುಟ್ಟಿದಳೋ ನನಗೆ ಗೊತ್ತಿಲ್ಲ. ಅಂದೂ ಗೊತ್ತಿರಲಿಲ್ಲ. ಗೊತ್ತಿದೆ ಎಂದು ನಲ್ವತ್ತು ಜನರ ಎದುರು ಹೇಳಿದೆ. ಅದು ಸುಳ್ಳು. ಸುಳ್ಳು ಹೇಳುವುದಿಲ್ಲ ಎಂದು ಮೆರೆದವಳು ನಾನು. ಆ ಮಾತನ್ನು ವಾಪಸು ತೆಗೆದುಕೊಳ್ಳಲು ಬರುತ್ತದೆಯೋ ಇಲ್ಲವೋ. ವಿಳಾಸ ತಪ್ಪಿದ ಟಪಾಲು ಕಳಿಸಿದವರಿಗೇ ಮರಳಿ ಬರುತ್ತದಲ್ಲ. ನನಗೇ ಕಳಿಸಿಬಿಡಿ.

ಸಂಘಮಿತ್ರಾ

*

ಕೆಲಗೇರಿ, ಧಾರವಾಡ
24 ಮಾರ್ಚ್ 2025

ಸಂಘಮಿತ್ರಾ,

ಮಾರ್ಚ್ 2ರ ಪತ್ರ ಮುಟ್ಟಿತು.

ನೀನು ಒಂದು ಸುಳ್ಳು ಒಪ್ಪಿಕೊಂಡೆ. ನನ್ನದೂ ಒಂದಿದೆ. ಅದಕ್ಕೆ ಬರುವ ಮೇ ತಿಂಗಳಿಗೆ ನಾಲ್ಕು ವರ್ಷ.

ಆ ದಿನ ಆಂಬುಲೆನ್ಸ್ ಬಂದಾಗ ಗಡಿಬಿಡಿ ನಿನಗೆ ನೆನಪಿದೆ. ಚೀಲ, ಹೊದಿಕೆ, ಗುಳಿಗೆ. ಜಯಮಾಲಾಳ ಫೋನನ್ನು ಚಾರ್ಜಿನಿಂದ ತೆಗೆದು, ಅವಳ ಕೈಗೆ ಕೊಡಬೇಕೆಂದು ನನ್ನ ಅಂಗಿಯ ಜೇಬಿಗೆ ಹಾಕಿಕೊಂಡೆ. ಕೊಡಲಿಲ್ಲ. ಗಾಡಿ ಕೆರೆಯ ತಿರುವು ದಾಟಿದ ಮೇಲೆ ಜೇಬು ಮುಟ್ಟಿ ನೋಡಿಕೊಂಡೆ.

ಮನೆಯ ಮುಂದೆ ಪಟ್ಟಿ ಕಟ್ಟಿ ಹೋಗಿದ್ದರು. ಹೊರಗೆ ಬರಬಾರದೆಂದು ನಿಯಮ. ನಾನು ನಿಯಮ ಮುರಿಯದ ಮನುಷ್ಯ. ನಾಳೆ ಯಾರ ಕೈಯಲ್ಲಾದರೂ ಕಳಿಸೋಣ ಎಂದುಕೊಂಡೆ. ಆ ದಿನಗಳಲ್ಲಿ ನಮ್ಮ ಮನೆಯ ವಸ್ತುವನ್ನು ಯಾರು ಮುಟ್ಟುತ್ತಾರೆ? ಮೂವತ್ತೊಂದು ವರ್ಷ ಊರಿಗೆಲ್ಲ ಟಪಾಲು ಮುಟ್ಟಿಸಿದವನು ಸತ್ತೂರಿಗೆ ಒಂದು ಫೋನು ಮುಟ್ಟಿಸಲಿಲ್ಲ.

ನೀನು ಒಳಗಿನ ಕೋಣೆಯಲ್ಲಿ ಕೂತು ಆ ನಂಬರಿಗೆ ಹಚ್ಚುತ್ತಿದ್ದೆ. ಜೇಬಿನಲ್ಲಿ ರಿಂಗ್ ಆದರೆ ನಿನಗೆ ತಿಳಿಯುತ್ತದೆಂದು ನಾನೇ ಆಫ್ ಮಾಡಿದೆ. "ಚಾರ್ಜ್ ಮುಗದಿರಬೇಕು" ಎಂದು ನಿನಗೆ ಹೇಳಿದೆ. ಆಕೆ ಅಲ್ಲಿ ಮುಟ್ಟಿದ ಸುದ್ದಿ ಕೊಡಲು ಕೈಯಲ್ಲಿ ಏನೂ ಇಲ್ಲದೆ ಮೂರು ದಿನ ಮಲಗಿದ್ದಳು.

ಮಣ್ಣು ಮಾಡಿ ಬಂದ ದಿನ ಫೋನು ಆನ್ ಮಾಡಿದೆ. ಇಂದಿನವರೆಗೆ ಆಫ್ ಮಾಡಿಲ್ಲ. ಸಿಮ್ ಬಂದಾಗಲು ಬಿಟ್ಟಿಲ್ಲ. ಕಂಪನಿಯ ಜಾಹೀರಾತಿನ ಕರೆ ಬಿಟ್ಟರೆ ಯಾರೂ ಮಾಡುವುದಿಲ್ಲ. ನವೆಂಬರ್ 18ರಂದು ಮಧ್ಯಾಹ್ನ ಹೊರದೇಶದ ನಂಬರಿನಿಂದ ರಿಂಗ್ ಆಯಿತು. ಆರು ಸಲ. ನಾನು ಎದುರಿಗೇ ಕುಳಿತಿದ್ದೆ. ನೀನಿರಬಹುದೆಂದು ಹೊಳೆಯಲಿಲ್ಲ. ಏನು ಹೊಳೆಯಿತೆಂದು ಬರೆದರೆ ನೀನು ನಗುತ್ತೀ. ದೇವರಿಲ್ಲ, ಆತ್ಮವಿಲ್ಲ ಎಂದು ನಿನಗೆ ಕಲಿಸಿದವನು ನಾನು. ನನ್ನ ಕೈ ಏಳಲಿಲ್ಲ.

ಪುಣ್ಯಾನುಮೋದನೆಯ ದಿನದ ನಿನ್ನ ಮಾತಿಗೆ ನಾನು ಸಿಟ್ಟಾದೆನೆಂದು ನೀನು ತಿಳಿದೆ. ಎಲ್ಲರೂ ಹಾಗೇ ತಿಳಿದರು. "ಅವ್ವ ಎಲ್ಲಿ ಮುಟ್ಟ್ಯಾಳ ನನಗ ಗೊತ್ತದ" ಎಂದು ನೀನು ಎದ್ದಾಗ, ಮುಂದಿನ ಮಾತು ಬರುವ ಮೊದಲು, ಒಂದು ಕ್ಷಣ ನಾನು ನಂಬಿದ್ದೆ. ಸುದ್ದಿ ಬಂತು ಎಂದು ಅರ್ಧ ಎದ್ದಿದ್ದೆ. ಆ ನಾಚಿಕೆಗೆ ನಿನ್ನ ಜೊತೆ ಮಾತು ಬಿಟ್ಟೆ.

ನಿನ್ನ ಮಾತನ್ನು ವಾಪಸು ಕಳಿಸುವುದಿಲ್ಲ. ಒಮ್ಮೆ ಮುಟ್ಟಿದ ಟಪಾಲು ಮುಟ್ಟಿದ್ದೇ. ಅದರ ಜೊತೆ ಈ ಪತ್ರವನ್ನೂ ಇಟ್ಟುಕೋ.

ಮಹಾದೇವಪ್ಪ

*

ಕುಂಬುಕ್‌ವೆವ
14 ಏಪ್ರಿಲ್ 2025

ಅಪ್ಪಾ,

ನಿಮ್ಮ ಪತ್ರ ಮುಟ್ಟಿತು. ಓದಿ ಕೆರೆಯ ದಂಡೆಗೆ ಹೋದೆ. ಮೊದಲು ಸಿಟ್ಟು ಬಂತು. ಅದನ್ನು ಮುಚ್ಚಿಡುವುದಿಲ್ಲ. ಬಹಳ ಬಂತು. ನಾನು ಒಂದು ಗೋಡೆಯ ಈಚೆ ಕುಳಿತು ಹಚ್ಚುತ್ತಿದ್ದಾಗ ನೀವು ಆಚೆ ಅದನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದಿರಿ. ಬೈಗುಳ ಬಾಯ್ತುಂಬ ಬಂದಿತ್ತು. ಆಮೇಲೆ ನೀವು ಅರ್ಧ ಎದ್ದದ್ದು ಕಣ್ಣಿಗೆ ಕಟ್ಟಿತು. ಆ ದಿನ ನಾನು ನೋಡದೆ ಬಿಟ್ಟದ್ದು ಅದನ್ನೇ.

ಇಂದು ಜಯಂತಿ. ನೀವು ನೀಲಿ ಶಾಲು ಹಾಕಿಕೊಂಡು ಮೆರವಣಿಗೆಗೆ ಹೋಗಿರುತ್ತೀರಿ. ಜೇಬಿನಲ್ಲಿ ಎರಡು ಫೋನು.

ಮೇ 8ರಂದು ಬೆಳಿಗ್ಗೆ ಹನ್ನೊಂದೂವರೆಗೆ ಆಂಬುಲೆನ್ಸ್ ಹೋಯಿತು. ಅದೇ ದಿನ, ಅದೇ ಹೊತ್ತಿಗೆ ಆ ನಂಬರಿಗೆ ಹಚ್ಚುತ್ತೇನೆ. ಹಚ್ಚಬೇಡ ಎಂದದ್ದು ನೆನಪಿದೆ. ಆದರೂ ಹಚ್ಚುತ್ತೇನೆ. ನಾನು ಊರು ಬಿಟ್ಟು ಬಂದವಳು, ಅವ್ವನಿಗೆ ಮುಟ್ಟಿದ ಸುದ್ದಿ ಕೊಟ್ಟಿಲ್ಲ. ಈ ಸಲ ಕಟ್ ಮಾಡುವುದಿಲ್ಲ.

ಎತ್ತುವುದು ಬಿಡುವುದು ನಿಮಗೆ ಸೇರಿದ್ದು.

ಸಂಘಮಿತ್ರಾ

*

ಕೆಲಗೇರಿ, ಧಾರವಾಡ
9 ಮೇ 2025

ಸಂಘಮಿತ್ರಾ,

ಏಪ್ರಿಲ್ 14ರ ಪತ್ರ ಮೇ 2ಕ್ಕೆ ಮುಟ್ಟಿತು. ಪಿನ್‌ಕೋಡು ಸರಿಯಿತ್ತು.

ನಿನ್ನೆ ಹನ್ನೊಂದೂವರೆಗೆ ಫೋನು ರಿಂಗ್ ಆಯಿತು. ಪರದೆಯ ಮೇಲೆ ನಿನ್ನ ಹೆಸರು ಬಂತು. ಮುಂಚಿನ ದಿನವೇ ಪೂರ್ತಿ ಹೆಸರು ಒತ್ತಿ ಸೇರಿಸಿಟ್ಟಿದ್ದೆ. ಐದನೆಯ ರಿಂಗಿಗೆ ಎತ್ತಿದೆ. ನೀನು "ಮುಟ್ಟೇನಿ" ಅಂದಿ.

ಹೇಳಬೇಕಾದದ್ದನ್ನು ನಾನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಚೀಟಿ ಕೈಯಲ್ಲೇ ಇತ್ತು. ಬಾಯಿಂದ ಬಂದದ್ದು ಅದಲ್ಲ. "ಛಲೋ ಆತ ನೋಡು. ಕೈಕಾಲ ತೊಕ್ಕೊಂಡ ಉಣ್ಣು, ದಣದಿರ್ತಿ." ಅವು ನನ್ನ ಮಾತುಗಳಲ್ಲ. ನನ್ನ ಜನ್ಮದಲ್ಲಿ ಯಾರಿಗೂ ಹಾಗೆ ಅಂದವನಲ್ಲ. ನಾನು ಡ್ಯೂಟಿಯಿಂದ ಬಂದಾಗ, ನೀನು ಕಾಲೇಜಿನಿಂದ ಬಂದಾಗ, ಆಕೆ ಅನ್ನುತ್ತಿದ್ದದ್ದು. ನೀನು ಆ ಕಡೆ ಉಸಿರು ಹಿಡಿದದ್ದು ಕೇಳಿಸಿತು. ನಿನಗೂ ಕೇಳಿಸಿರಬೇಕು.

ಅಡುಗೆಮನೆಯಿಂದ ಅಕ್ಕವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಯಾರ ಮಾತಾಡಿದ್ರೋ, ಮಾದೇವಾ?" ಎಂದಳು. ಅವಳು ಫೋನು ನೋಡಿದಳು, ನನ್ನ ಮುಖ ನೋಡಿದಳು. ಒಳಗೆ ಹೋಗಿ ರೊಟ್ಟಿ ಬಡಿದಳು. ಊಟಕ್ಕೆ ಕುಳಿತಾಗ ಮೂರು ತಾಟು ಇಟ್ಟಿದ್ದಳು. ನಾವು ಇಬ್ಬರೇ. ಯಾರೂ ತೆಗೆಯಲಿಲ್ಲ.

ಆಕೆ ಎಲ್ಲಿ ಮುಟ್ಟಿದಳೋ ನನಗೂ ಗೊತ್ತಿಲ್ಲ. ಎಲ್ಲೂ ಇಲ್ಲ ಎಂದು ಇನ್ನು ಮುಂದೆ ನಿನಗೆ ಹೇಳುವುದಿಲ್ಲ. ಫೋನು ಚಾರ್ಜಿಗೆ ಹಾಕಿದ್ದೇನೆ.

ಮುಟ್ಟಿದ ಸುದ್ದಿ ಮುಟ್ಟಿತು.

ನಿನ್ನ ಅಪ್ಪ